ಇಸಿಜಿ ನಾರ್ಮಲ್ ಅಂದ್ರೆ ‘ಏನೂ ಆಗಿಲ್ಲ’ ಅಂತಲ್ಲ

ಇಂಟರ್ನಲ್ಸ್ ಹತ್ತಿರ ಬಂದಾಗ, ಪ್ಲೇಸ್‌ಮೆಂಟ್ ಶುರುವಾದಾಗ ಹಾಸ್ಟೆಲ್‌ನಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತೆ: “ಮಗಾ, ಎದೆ ಡವಡವ ಅಂತಿದೆ, ಉಸಿರೇ ಸಾಕಾಗ್ತಿಲ್ಲ.” ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಇಸಿಜಿ ನಾರ್ಮಲ್. “ಏನೂ ಆಗಿಲ್ಲ, ಟೆನ್ಷನ್ ಮಾಡ್ಕೋಬೇಡ” ಅಂತ ಹೇಳಿ ಕಳಿಸ್ತಾರೆ. ಹೃದಯಕ್ಕೆ ಏನೂ ಆಗಿಲ್ಲ ಅನ್ನೋದು ನಿಜ. ಆದರೆ ಆ ಡವಡವವೂ ಅಷ್ಟೇ ನಿಜ. ಮೊದಲನೆಯದನ್ನು ಎಲ್ಲರೂ ಹೇಳ್ತಾರೆ. ಎರಡನೆಯದನ್ನು ಯಾರೂ ಹೇಳಲ್ಲ ಅನ್ನೋದೇ ನಮ್ಮ ತಕರಾರು.

ನಮ್ಮ ಸಂಘದಲ್ಲಿ ಕಡಬದ ಕಡೆಯವರಿದ್ದಾರೆ. ದಕ್ಷಿಣ ಕನ್ನಡದ ಕಡಬ ಅಲ್ಲ, ಗುಬ್ಬಿ ತಾಲ್ಲೂಕಿನ ಕಡಬ, ಶಿಂಷಾ ನೀರು ನಿಲ್ಲುವ ದೊಡ್ಡ ಕೆರೆಯ ಊರು. ಕುಣಿಗಲ್ಲಿನವರು, ತುಮಕೂರು ಪೇಟೆಯವರೂ ಇದ್ದೇವೆ. ನಮ್ಮ ಮನೆಗಳಲ್ಲಿ ‘ಆಂಗ್ಸೈಟಿ’ ಅನ್ನೋ ಮಾತೇ ಇಲ್ಲ. ‘ಎದೆ ಝಲ್ ಅಂತು’, ‘ಹೊಟ್ಟೇಲಿ ಸಂಕಟ’, ‘ಕೈಕಾಲು ತಣ್ಣಗಾಯ್ತು’, ‘ಜೀವ ಬಾಯಿಗೆ ಬಂತು’ ಅಂತೀವಿ. ಭಯ, ದುಃಖಗಳನ್ನು ನಮ್ಮ ಭಾಷೆ ಮೊದಲಿಂದಲೂ ಮೈಯಲ್ಲೇ ಗುರುತಿಸಿದೆ. ಇದನ್ನು ತಿಳುವಳಿಕೆ ಇಲ್ಲದವರ ಮಾತು ಅಂತ ತಳ್ಳಿಹಾಕೋದು ತಪ್ಪು. ಆತಂಕಕ್ಕೂ ಆಘಾತಕ್ಕೂ ದೇಹದ ಮೂಲಕವೇ ಚಿಕಿತ್ಸೆ ಶುರುಮಾಡುವ ಪದ್ಧತಿಗಳು ಹಿಡಿದಿರೋದೂ ಇದೇ ದಾರಿಯನ್ನು.

ಇದರ ಹಿಂದಿನ ಕೆಲಸ ನಮ್ಮಂಥವರಿಗೆ ಸುಲಭವಾಗಿ ಅರ್ಥವಾಗುತ್ತೆ. ಮೈಕ್ರೋಕಂಟ್ರೋಲರ್ ಲ್ಯಾಬ್‌ನಲ್ಲಿ ನೋಡಿದ್ದೇವಲ್ಲ, ಇಂಟರಪ್ಟ್ ಬಂದ ತಕ್ಷಣ ಮೇನ್ ಪ್ರೋಗ್ರಾಂ ನಿಂತುಹೋಗುತ್ತೆ. ಅಪಾಯ ಅನ್ನಿಸಿದಾಗ ಮೈಯಲ್ಲೂ ಹಾಗೇ. ಯೋಚನೆ ಮುಗಿಯೋ ಮೊದಲೇ ಸಿಂಪಥೆಟಿಕ್ ನರವ್ಯೂಹ ಎದ್ದು ಕೂರುತ್ತೆ, ಅಡ್ರಿನಾಲಿನ್ ಹರಿಯುತ್ತೆ, ಹೃದಯ ಓಡುತ್ತೆ, ಸ್ನಾಯು ಬಿಗಿಯುತ್ತೆ, ಹೊಟ್ಟೆಯ ಕೆಲಸ ನಿಧಾನವಾಗುತ್ತೆ. ಎದುರಿಗೆ ಚಿರತೆಯೇ ಇರಬೇಕಾಗಿಲ್ಲ, ವೈವಾ ತಗೊಳ್ಳೋಕೆ ಬಂದ ಎಕ್ಸ್‌ಟರ್ನಲ್ ಸಾಕು! ಅಂಥ ಹೊತ್ತಲ್ಲಿ “ಧೈರ್ಯ ತಗೋ, ಪಾಸಿಟಿವ್ ಆಗಿ ಯೋಚಿಸು” ಅನ್ನೋದು ನಿಂತುಹೋದ ಪ್ರೋಗ್ರಾಮಿಗೆ ಇನ್‌ಪುಟ್ ಕೊಟ್ಟ ಹಾಗೆ. ಮೊದಲು ಮೈ ಇಳಿಯಬೇಕು, ಆಮೇಲೆ ಮಾತು.

ಮೈ ಇಳಿಸೋ ದಾರಿಗಳೇನೂ ಗುಟ್ಟಲ್ಲ. ಉಸಿರು ಒಳಗೆ ಎಳೆದಾಗ ಹೃದಯದ ಬಡಿತ ಸ್ವಲ್ಪ ಏರುತ್ತೆ, ಬಿಟ್ಟಾಗ ಇಳಿಯುತ್ತೆ. ಇದನ್ನು ಸಂಭಾಳಿಸೋದು ವೇಗಸ್ ನರ. ಎಳೆದದ್ದಕ್ಕಿಂತ ನಿಧಾನವಾಗಿ, ಉದ್ದವಾಗಿ ಉಸಿರು ಬಿಟ್ಟರೆ ಬ್ರೇಕ್ ಹಾಕಿದ ಹಾಗಾಗುತ್ತೆ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1929ರಲ್ಲೇ ಸ್ನಾಯುಗಳನ್ನು ಒಂದೊಂದಾಗಿ ಬಿಗಿಮಾಡಿ ಸಡಿಲಬಿಡುವ ಅಭ್ಯಾಸದ ಬಗ್ಗೆ ಪುಸ್ತಕ ಬರೆದರು. ನಮ್ಮ ದೇಶದ ಮನೋವೈದ್ಯ ವಿಭಾಗಗಳಲ್ಲಿ ಅದನ್ನು ‘ಜೆಪಿಎಂಆರ್’ ಅಂತ ಇವತ್ತಿಗೂ ಹೇಳಿಕೊಡ್ತಾರೆ. ಯೋಗದ ಬಗ್ಗೆಯೂ ಗಂಭೀರ ಅಧ್ಯಯನಗಳಿವೆ. ಮನೋವೈದ್ಯ ಬೆಸೆಲ್ ವ್ಯಾನ್ ಡೆರ್ ಕೋಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಚಿಕಿತ್ಸೆಗಳಿಂದ ಗುಣ ಕಾಣದ, ಆಘಾತದ ತೊಂದರೆಯಿದ್ದ 64 ಮಹಿಳೆಯರಿದ್ದರು. 10 ವಾರ ಯೋಗ ಮಾಡಿದ ಗುಂಪಿನಲ್ಲಿ ಅರ್ಧದಷ್ಟು ಜನ ಆ ಕಾಯಿಲೆಯ ಮಾನದಂಡದಿಂದ ಹೊರಬಂದರು. ಆರೋಗ್ಯ ಶಿಕ್ಷಣವಷ್ಟೇ ಸಿಕ್ಕ ಗುಂಪಿನಲ್ಲಿ ಹಾಗೆ ಹೊರಬಂದವರು ಐದನೇ ಒಂದು ಭಾಗ. ಅಧ್ಯಯನ ಚಿಕ್ಕದು, ಆದರೆ ಕಡೆಗಣಿಸುವಂಥದ್ದಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯನ್ನೂ ಹೇಳಲೇಬೇಕು. ‘ನಿಮ್ಮ ಟ್ರಾಮಾ ಸೊಂಟದ ಸ್ನಾಯುವಿನಲ್ಲಿ ಕೂತಿದೆ, ಎರಡು ಗಂಟೆಯಲ್ಲಿ ಹೊರಗೆ ತೆಗೀತೀವಿ’ ಅನ್ನೋ ರೀಲ್ಸ್ ಈಗ ಎಲ್ಲರ ಫೋನಲ್ಲೂ ಓಡ್ತಿವೆ. ಇದನ್ನು ನಂಬಬೇಡಿ. ಪೀಟರ್ ಲೆವಿನ್ ರೂಪಿಸಿದ ‘ಸೊಮ್ಯಾಟಿಕ್ ಎಕ್ಸ್‌ಪೀರಿಯನ್ಸಿಂಗ್’ನಂಥ ಪದ್ಧತಿಗಳಿಗೆ ಇರುವ ಪುರಾವೆ ಇನ್ನೂ ಕಡಿಮೆ. ಆಘಾತಕ್ಕೆ ಗಟ್ಟಿ ಪುರಾವೆ ಇರೋದು ಅದಕ್ಕೆಂದೇ ಇರುವ ಸಿಬಿಟಿ ಮತ್ತು ಇಎಂಡಿಆರ್‌ನಂಥ ಚಿಕಿತ್ಸೆಗಳಿಗೆ. ಇನ್ನೊಂದು ಅಪಾಯವೂ ಇದೆ. ದೌರ್ಜನ್ಯ, ಅಪಘಾತ, ಮನೆಯೊಳಗಿನ ಹೊಡೆತ ಕಂಡವರಿಗೆ ಕಣ್ಣುಮುಚ್ಚಿ ಮೈ ಕಡೆ ಗಮನ ಕೊಡೋದೇ ಹಳೆಯದನ್ನೆಲ್ಲ ಕೆದಕಿಬಿಡಬಹುದು. ಆಡಿಟೋರಿಯಂನಲ್ಲಿ ಇನ್ನೂರು ಜನರನ್ನು ಕೂರಿಸಿ, ಲೈಟ್ ಆರಿಸಿ, “ಎಲ್ಲ ಅತ್ತು ಹಗುರಾಗಿ” ಅನ್ನುವ ವರ್ಕ್‌ಶಾಪ್‌ಗಳನ್ನು ನಾವು ವಿರೋಧಿಸೋದು ಇದಕ್ಕೇ. ಅತ್ತವರನ್ನು ಮಾರನೇ ದಿನ ವಿಚಾರಿಸೋರು ಯಾರು? ಕಣ್ಣು ತೆರೆದೇ ಇರುವ, ಬೇಡ ಅನ್ನುವ, ಮುಟ್ಟಬೇಡಿ ಅನ್ನುವ ಹಕ್ಕು ಪ್ರತಿಯೊಬ್ಬರಿಗೂ ಇರಬೇಕು. ಕೆರೆ ತುಂಬಿದರೆ ತೂಬು ಎತ್ತಿ ಹದವಾಗಿ ನೀರು ಬಿಡ್ತಾರೆ, ಏರಿ ಒಡೆಯೋದಿಲ್ಲ. ಕಡಬದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ನಮಗೆ ಬೇಕಿರೋದೇನು? ಮೊದಲನೆಯದಾಗಿ, ಕನ್ನಡ ಬಲ್ಲ, ತರಬೇತಿ ಪಡೆದ ಆಪ್ತಸಮಾಲೋಚಕರು. ಇದು ನಾವು ಕೇಳುತ್ತಿರುವ ಉಪಕಾರವಲ್ಲ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯ ಪ್ರಕಾರ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಅರ್ಹ ಸಮಾಲೋಚಕರೊಬ್ಬರು ಇರಲೇಬೇಕು. ಆ ಕೋರ್ಟ್ ಆದೇಶಕ್ಕೆ ನಾವು ಸೇರಿಸೋದು ಒಂದೇ ಮಾತು: ಅವರಿಗೆ ಕನ್ನಡ ಬರಬೇಕು. ‘ಹೊಟ್ಟೇಲಿ ಸಂಕಟ’ ಅಂದಾಗ ಗ್ಯಾಸ್ ಮಾತ್ರೆ ಕೊಡೋದಾ, ಇನ್ನೊಂದು ಪ್ರಶ್ನೆ ಕೇಳೋದಾ ಅನ್ನೋದು ಆ ಭಾಷೆ ಗೊತ್ತಿದ್ದವರಿಗೆ ಮಾತ್ರ ತಿಳಿಯುತ್ತೆ. ಇಂಗ್ಲಿಷ್‌ನಲ್ಲಿ ಹೇಳೋಕೆ ಬಾರದೆ ಸುಮ್ಮನೆ ಎದ್ದು ಬರುವವರು ಗ್ರಾಮೀಣ ಕೋಟಾದಲ್ಲಿ ಬಂದ ನಮ್ಮ ಗೆಳೆಯ ಗೆಳತಿಯರೇ.

ಎರಡನೆಯದು, ಮೊದಲ ಸೆಮಿಸ್ಟರ್‌ನಲ್ಲೇ ಉಸಿರಾಟ, ಸ್ನಾಯು ಸಡಿಲಿಸುವ ಅಭ್ಯಾಸಗಳನ್ನು ಸಣ್ಣ ಗುಂಪುಗಳಲ್ಲಿ ಕಲಿಸಲಿ. ಅಟೆಂಡೆನ್ಸ್, ಮಾರ್ಕ್ಸ್ ಯಾವುದೂ ಬೇಡ. ಅದಕ್ಕೂ ಐದು ಅಂಕ ಇಟ್ಟರೆ ಅದೇ ಇನ್ನೊಂದು ಆತಂಕ!

ಮೂರನೆಯದು, ಅಭ್ಯಾಸ ಕಲಿಸಿದ್ದೇವೆ ಅಂತ ಕಾಲೇಜು ಕೈತೊಳೆದುಕೊಳ್ಳಬಾರದು. ದಿನಕ್ಕೆ ಏಳು ತಾಸು ಕ್ಲಾಸ್, ರಾತ್ರಿ ಹನ್ನೆರಡಕ್ಕೆ ರೆಕಾರ್ಡ್ ಬರೆಯೋದು, ಎಲ್ಲರೆದುರು ನಿಲ್ಲಿಸಿ ಬೈಯೋದು, ಇವೆಲ್ಲ ಹಾಗೇ ಇದ್ದು ‘ದೀರ್ಘವಾಗಿ ಉಸಿರಾಡಿ’ ಅಂದರೆ ಪ್ರಯೋಜನವಿಲ್ಲ. ಮೈ ಸುಳ್ಳು ಹೇಳ್ತಿಲ್ಲ. ಎಷ್ಟೋ ಸಲ ಅದು ನಿಜವಾದ ತೊಂದರೆಯನ್ನೇ ತೋರಿಸ್ತಿರುತ್ತೆ.

ಗೆಳೆಯರೇ, ಎದೆನೋವು ಬಂದರೆ ಮೊದಲು ಡಾಕ್ಟರಿಗೆ ತೋರಿಸಿ. ಥೈರಾಯ್ಡ್, ರಕ್ತಹೀನತೆ ಕೂಡ ಹೀಗೇ ಡವಡವ ತರಬಹುದು. ಎಲ್ಲ ನಾರ್ಮಲ್ ಬಂದು ಕಷ್ಟ ಹಾಗೇ ಉಳಿದರೆ ಅಲ್ಲಿಗೇ ನಿಲ್ಲಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಸೇವೆ ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ, ತಂತ್ರಜ್ಞಾನದ ಹೊಣೆ ಬೆಂಗಳೂರಿನ ಐಐಐಟಿಯದ್ದು. ನಂಬರನ್ನು ಹಾಸ್ಟೆಲ್‌ಗಳಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು ಅಂತಲೂ ಆ ಮಾರ್ಗಸೂಚಿಯಲ್ಲೇ ಇದೆ. ನೋಟಿಸ್ ಬರೋವರೆಗೆ ಕಾಯೋದು ಬೇಡ. ಈ ತಿಂಗಳು ಸಂಘದಿಂದಲೇ ಕನ್ನಡದಲ್ಲಿ ಪ್ರಿಂಟ್ ಹಾಕಿಸಿ ಎಲ್ಲ ಮಹಡಿಗಳಲ್ಲೂ ಅಂಟಿಸ್ತೀವಿ. ಗಮ್ ಬಾಟಲಿ ಹಿಡಿಯೋಕೆ ಜನ ಬೇಕು, ಬನ್ನಿ.