ಹೆಸರು ಓದಿದ್ದು ಸಾಕು, ಲಾಗ್ ತೋರಿಸಿ

2021ರ ಮೇ 4ರಂದು ಸಂಸದ ತೇಜಸ್ವಿ ಸೂರ್ಯ ಬೆಂಗಳೂರಿನ ಬಿಬಿಎಂಪಿ ದಕ್ಷಿಣ ವಲಯದ ಕೋವಿಡ್ ವಾರ್ ರೂಮಿಗೆ ಹೋಗಿ, ಹಾಸಿಗೆ ಹಂಚಿಕೆಯಲ್ಲಿ ದಂಧೆ ನಡೆದಿದೆ ಎಂದರು. ಪಟ್ಟಿ ಹಿಡಿದು ಓದಿದ ಹೆಸರುಗಳೆಲ್ಲ ಮುಸ್ಲಿಂ ನೌಕರರವು. ಇನ್ನೂರಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದ ಕಡೆ ಬೆರಳು ತಿರುಗಿದ್ದು ಅವರತ್ತ ಮಾತ್ರ. ಕೆಲಸದಿಂದ ಅವರನ್ನು ಹೊರಗಿಟ್ಟರು. ಪೊಲೀಸರ ವಿಚಾರಣೆಯಲ್ಲಿ ಅವರ ವಿರುದ್ಧ ಏನೂ ಸಿಗಲಿಲ್ಲ. ಆ ಅನ್ಯಾಯವನ್ನು ನಾವು ಮರೆಯಕೂಡದು. ಆದರೆ ಆವತ್ತು ಕೇಳಲೇಬೇಕಿದ್ದ ಪ್ರಶ್ನೆ ಬೇರೆಯೇ ಇತ್ತು: ಯಾವ ಹಾಸಿಗೆಯನ್ನು, ಎಷ್ಟು ಹೊತ್ತಿಗೆ, ಯಾರ ಲಾಗಿನ್‌ನಿಂದ ಬ್ಲಾಕ್ ಮಾಡಲಾಯಿತು?

ರೋಗಿಗೆ ಒಂದು ಬಿಯು ನಂಬರ್ ಇರುತ್ತಿತ್ತು. ಹಾಸಿಗೆ ಬ್ಲಾಕ್ ಆಗುತ್ತಿದ್ದುದು ಆ ನಂಬರಿನ ಮೇಲೆ. ರೋಗಲಕ್ಷಣವೇ ಇಲ್ಲದೆ ಮನೆಯಲ್ಲಿದ್ದವರ ನಂಬರಿನಲ್ಲಿ ಹಾಸಿಗೆ ಹಿಡಿದು, ಗಂಟೆಗಟ್ಟಲೆ ಇಟ್ಟುಕೊಂಡು, ಕೊನೆಗೆ ದುಡ್ಡು ಕೊಟ್ಟವರಿಗೆ ದಾಟಿಸುತ್ತಿದ್ದರು ಎಂಬುದು ಆರೋಪ. ತನ್ನ ಹೆಸರಲ್ಲಿ ಹಾಸಿಗೆ ಇದೆಯೆಂದು ಆ ಮನುಷ್ಯನಿಗೇ ಗೊತ್ತಿಲ್ಲ! ಹಾಸಿಗೆ ಸಿಕ್ಕ ಕೂಡಲೇ ರೋಗಿಯ ಮೊಬೈಲ್‌ಗೆ ಎಸ್ಸೆಮ್ಮೆಸ್ ಹೋಗಬೇಕೆಂಬ ತಿದ್ದುಪಡಿ ಬಂದದ್ದು ಗದ್ದಲವಾದ ಮೇಲೆ. ಗ್ಯಾಸ್ ಸಿಲಿಂಡರ್ ಬುಕ್ ಮಾಡಿದರೂ ಬರುವ ಸಂದೇಶ, ಐಸಿಯು ಹಾಸಿಗೆಗೆ ಮೊದಲೇ ಯಾಕೆ ಇರಲಿಲ್ಲ?

ಈ ಕುರುಡುತನದ ಬೆಲೆ ತೆತ್ತವರು ಜನ. "ಸ್ಯಾಚುರೇಷನ್ 80ಕ್ಕೆ ಇಳಿದಿದೆ, ವೆಂಟಿಲೇಟರ್ ಬೇಕು, ಅರ್ಜೆಂಟ್" ಎಂಬ ಒಂದೇ ಸಂದೇಶ ಹತ್ತಾರು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿತ್ತು. ಹತ್ತು ಸ್ವಯಂಸೇವಕರು ಅದೇ ಆಸ್ಪತ್ರೆಗೆ ಫೋನ್ ಹಚ್ಚುತ್ತಿದ್ದರು. ರೋಗಿ ತೀರಿಕೊಂಡ ಮೇಲೂ ಮಗನ ಫೋನ್ ರಿಂಗಾಗುತ್ತಿತ್ತು, "ಬೆಡ್ ಸಿಕ್ತಾ ಸರ್?" ಎಂದು ಕೇಳುವುದಕ್ಕೆ.

ಸೂರ್ಯ ಆ ವಾರ್ ರೂಮಿಗೆ ಹೋಗುವ ಎರಡು ದಿನ ಮೊದಲು ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿದು ರೋಗಿಗಳು ಸತ್ತಿದ್ದರು. ಎಷ್ಟು ಸಿಲಿಂಡರ್ ಕಳಿಸಿದೆವು, ಎಷ್ಟು ಬಂತು ಎಂದು ಮೈಸೂರು ಮತ್ತು ಚಾಮರಾಜನಗರ ಜಿಲ್ಲಾಡಳಿತಗಳು ಹೆಣಗಳ ಮುಂದೆ ಜಗಳಕ್ಕೆ ಬಿದ್ದವು. ಎರಡೂ ಕಚೇರಿಗೆ ಒಂದೇ ಲೆಕ್ಕ ಕಾಣುತ್ತಿದ್ದರೆ ಆ ಜಗಳಕ್ಕೆ ಆಸ್ಪದವೇ ಇರುತ್ತಿರಲಿಲ್ಲ.

ಎಲ್ಲರಿಗೂ ಕಾಣುವ ಇಂಥ ಲೆಕ್ಕ ನಮ್ಮಿಂದಾಗದ ಕೆಲಸವೇನಲ್ಲ. 2004ರ ಸುನಾಮಿಯ ಬೆನ್ನಿಗೇ ಶ್ರೀಲಂಕಾದ ಸ್ವಯಂಸೇವಕರು 'ಸಹನ' ಎಂಬ ಮುಕ್ತ ತಂತ್ರಾಂಶ ಕಟ್ಟಿದರು: ಕಾಣೆಯಾದವರು, ಶಿಬಿರಗಳು, ನೆರವಿನ ಕೋರಿಕೆಗಳು ಎಲ್ಲವೂ ಒಂದೇ ಕಡೆ. 2018ರ ಪ್ರವಾಹದಲ್ಲಿ ಕೇರಳ ಸರ್ಕಾರದ 'ಕೇರಳ ರೆಸ್ಕ್ಯೂ' ತಾಣದ ಕೋಡ್ ಎಲ್ಲರಿಗೂ ತೆರೆದಿತ್ತು. ಎಲ್ಲೆಲ್ಲಿಯೋ ಇದ್ದ ಎಂಜಿನಿಯರುಗಳು ರಾತ್ರಿಯಿಡೀ ಕೂತು ಅದನ್ನು ತಿದ್ದಿದರು. ಅದೇ ವರ್ಷದ ಆಗಸ್ಟಿನಲ್ಲಿ ನಮ್ಮ ಕೊಡಗಿನ ಗುಡ್ಡಗಳೂ ಕುಸಿದವು. ದೇಶದ ಐಟಿ ರಾಜಧಾನಿ ಇರುವ ರಾಜ್ಯವೂ ಅಂಥದ್ದನ್ನು ತನ್ನದಾಗಿ ಕಟ್ಟಿಕೊಳ್ಳಬೇಕು.

ಎಲ್ಲ ಬಯಲಿಗಿಟ್ಟರೆ ರೋಗಿಯ ಖಾಸಗಿತನಕ್ಕೆ ಧಕ್ಕೆ ಎನ್ನುವವರಿದ್ದಾರೆ. ರೋಗಿಯ ಹೆಸರು ಮುಚ್ಚಿಡಲಿ, ಅದು ಸರಿಯೇ. ಮುಚ್ಚಿಡಬಾರದ್ದು ನಿರ್ಧಾರವನ್ನು. ಯಾವ ಲಾಗಿನ್ ಸರದಿ ಮುರಿಯಿತು, ಕಾರಣ ಏನು ಬರೆಯಿತು ಎಂಬ ದಾಖಲೆ ಅಳಿಸಲಾಗದಂತೆ ಉಳಿಯಬೇಕು, ಹೊರಗಿನ ಲೆಕ್ಕಪರಿಶೋಧಕರಿಗೆ ಸಿಗಬೇಕು. ಅಂಥ ದಾಖಲೆ ಪ್ರಾಮಾಣಿಕ ಗುತ್ತಿಗೆ ನೌಕರನಿಗೂ ರಕ್ಷಣೆ. ಧರ್ಮ ನೋಡಿ ಹೆಸರು ಓದುವವರಿಗೆ ಆತ ತೋರಿಸಬಹುದಾದ ಸಾಕ್ಷಿ ಅದೊಂದೇ.

ಪ್ರತಿ ಜಿಲ್ಲೆಯಲ್ಲೂ ವಿಪತ್ತು ಸಹಾಯವಾಣಿ 1077ರ ಕಂಟ್ರೋಲ್ ರೂಮ್ ಇದೆ. ಮುಂಗಾರಿಗೆ ಮುಂಚೆ ಅಲ್ಲಿ ಕಂದಾಯ, ಆರೋಗ್ಯ, ಪೊಲೀಸ್, ಅಗ್ನಿಶಾಮಕ ನಾಲ್ಕೂ ಇಲಾಖೆಯವರನ್ನು ಒಂದೇ ತಂತ್ರಾಂಶದ ಮುಂದೆ ಕೂರಿಸಿ, ನೆಟ್‌ವರ್ಕ್ ಕಿತ್ತು, ಅಣಕು ಕಾರ್ಯಾಚರಣೆ ಮಾಡಿಸಿ. ಎಲ್ಲೆಲ್ಲಿ ಕೈಕೊಟ್ಟಿತೆಂಬ ವರದಿಯನ್ನು ವಿಧಾನಸಭೆಯಲ್ಲಿ ಮಂಡಿಸಿ.