ಬರೆದುಕೊಟ್ಟ ಭಾಷಣದಿಂದ ಮುಂದೆ

ಪರ್ಯೂಷಣದ ಸಂಜೆಗಳಲ್ಲಿ ಬಸದಿಯ ಸಭಾಂಗಣದಲ್ಲಿ ಕಾಣುವ ದೃಶ್ಯವೊಂದು ಊರು ಯಾವುದಾದರೂ ಬಹುಮಟ್ಟಿಗೆ ಒಂದೇ. ಏಳೆಂಟು ವರ್ಷದ ಬಾಲಕಿಯೊಬ್ಬಳು ವೇದಿಕೆ ಏರುತ್ತಾಳೆ. ಮೈಕು ಅವಳ ಎತ್ತರಕ್ಕೆ ಇಳಿಯುವಷ್ಟರಲ್ಲಿ ಅರ್ಧ ನಿಮಿಷ ಕಳೆದಿರುತ್ತದೆ. ಅನಂತರ ಅಹಿಂಸೆಯ ಮಹತ್ವವನ್ನು ಕುರಿತು ಮೂರು ನಿಮಿಷಗಳ ಭಾಷಣ, ಉಸಿರು ಬಿಡದೆ. ತಾಯಿ ಮುಂದಿನ ಸಾಲಿನಲ್ಲಿ ಕುಳಿತು ತುಟಿಯಾಡಿಸುತ್ತಿರುತ್ತಾಳೆ. ನಡುವೆ ಒಂದು ಪದ ಮರೆತರೆ ಇಡೀ ಮಾತು ನಿಂತುಹೋಗುತ್ತದೆ. ಮತ್ತೆ ಮೊದಲಿನಿಂದ ಆರಂಭ. ಚಪ್ಪಾಳೆ, ಬಹುಮಾನದ ಡಬ್ಬಿ, ಫೋಟೊ. ಮರುದಿನ ಶಾಲೆಯಲ್ಲಿ ಗೆಳತಿಯೊಬ್ಬಳು 'ನೀವೇಕೆ ರಾತ್ರಿ ಊಟ ಮಾಡುವುದಿಲ್ಲ?' ಎಂದು ಕೇಳಿದರೆ ಅದೇ ಬಾಲಕಿ ತಲೆ ತಗ್ಗಿಸುತ್ತಾಳೆ.

ತಪ್ಪು ಮಗುವಿನದಲ್ಲ. ಅದಕ್ಕೆ ಕಲಿಸಿದ್ದು ಕಂಠಪಾಠ, ಹೆಸರಿಟ್ಟದ್ದು ಭಾಷಣವೆಂದು. ಜಮೆಯ ಕಡೆಗೆ ಬರೆಯಬಾರದ ಮೊತ್ತವನ್ನು ಜಮೆಗೆ ಬರೆದು ಲೆಕ್ಕ ಸರಿಹೊಂದಿತೆಂದು ಸಂತೋಷಪಡುವ ಪರಿಪಾಠವಿದು. ವರ್ಷ ವರ್ಷವೂ ಶಿಲ್ಕು ಹೆಚ್ಚುತ್ತದೆ, ಪೆಟ್ಟಿಗೆಯಲ್ಲಿ ಹಣವಿರುವುದಿಲ್ಲ.

ಕರ್ನಾಟಕದಿಂದ ದೂರ ನೆಲೆಸಿದ ಕುಟುಂಬಗಳಲ್ಲಿ ಈ ತೊಡಕು ಇನ್ನೂ ಗಾಢವಾಗಿದೆ. ಮನ್ಮಾಡ್ ಅಂಥ ಊರನ್ನೇ ನೋಡಬಹುದು. ಮುಂಬಯಿಯಿಂದ ಭುಸಾವಳದತ್ತ ಹೋಗುವ ಹಳಿ, ದೌಂಡಿನಿಂದ ಬರುವ ಹಳಿ, ಛತ್ರಪತಿ ಸಂಭಾಜಿನಗರದ ಮೂಲಕ ಸಿಕಂದರಾಬಾದಿನ ಕಡೆಗೆ ಸಾಗುವ ಹಳಿ, ಮೂರೂ ಕೂಡುವ ಜಂಕ್ಷನ್ ಅದು. ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಕೂಡ ಅಲ್ಲಿ ನಿಲ್ಲುತ್ತದೆ. ಇಂಥ ಊರಿನ ಕನ್ನಡ ಮನೆಯ ಮಗುವಿನ ನಾಲಿಗೆಯೂ ಒಂದು ಜಂಕ್ಷನ್ನೇ. ಅಜ್ಜಿಯೊಡನೆ ಕನ್ನಡ, ಓಣಿಯಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ, ತರಗತಿಯಲ್ಲಿ ಇಂಗ್ಲಿಷ್, ಬಸದಿಯಲ್ಲಿ ಪ್ರಾಕೃತದ ಣಮೋಕಾರ. ಐದೂ ಅದಕ್ಕೆ ತಿಳಿಯುತ್ತವೆ; ಎದ್ದು ನಿಂತು ಐದು ವಾಕ್ಯ ಹೇಳೆಂದರೆ ಒಂದೂ ಹೊರಡುವುದಿಲ್ಲ. 'ಮೊದಲು ಇಂಗ್ಲಿಷ್ ಸರಿಯಾಗಲಿ, ಆಮೇಲೆ ಮಾತು' ಎಂಬುದು ಪಾಲಕರ ಸಾಮಾನ್ಯ ಉತ್ತರ. ಈ ಕ್ರಮವೇ ತಲೆಕೆಳಗು. ಮಾತಿನ ಧೈರ್ಯ ಹುಟ್ಟುವುದು ಮನೆಯ ಭಾಷೆಯಲ್ಲಿ. ಒಮ್ಮೆ ಹುಟ್ಟಿದ ಧೈರ್ಯ ಬೇರೆ ಭಾಷೆಗಳಿಗೆ ತಾನಾಗಿ ಹರಿಯುತ್ತದೆ. ಭಾಷೆಯಿದ್ದೂ ಧೈರ್ಯವಿಲ್ಲದ ಪದವೀಧರರು ಪ್ರತಿ ಸಂದರ್ಶನದ ಕೊಠಡಿಯ ಹೊರಗೂ ಕುಳಿತಿರುತ್ತಾರೆ.

ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿಯವರೆಗೆ ಒಯ್ಯುತ್ತದೆ. ಆ ಗೋದಾವರಿ ಹುಟ್ಟುವುದು ನಾಸಿಕ ಜಿಲ್ಲೆಯ ತ್ರ್ಯಂಬಕದಲ್ಲಿ. ಆ ಗ್ರಂಥ ನಾಡಿನ ಜನರನ್ನು ಹೊಗಳುವಾಗ ಅವರ ಮಾತಿನ ಹದವನ್ನಷ್ಟೇ ಹೊಗಳಿ ನಿಲ್ಲುವುದಿಲ್ಲ. ಇನ್ನೊಬ್ಬರು ಆಡಿದ್ದನ್ನು ಅರಿತು ತೂಗಿ ನೋಡುವ ಸಾಮರ್ಥ್ಯವನ್ನೂ ಅದರ ಜೊತೆಯಲ್ಲೇ ಹೇಳುತ್ತದೆ. ವಾಕ್ಪಟುತ್ವದ ಅರ್ಧ ಭಾಗ ಕಿವಿಯಲ್ಲಿದೆ ಎಂಬ ಈ ತಿಳಿವು ಇಂದಿನ ಭಾಷಣ ಸ್ಪರ್ಧೆಗಳಿಂದ ಮಾಯವಾಗಿದೆ. ಅಲ್ಲಿ ಕೈಬೀಸಿಗೆ ಅಂಕವಿದೆ, ಸ್ವರದ ಏರಿಳಿತಕ್ಕೆ ಅಂಕವಿದೆ. ಎದುರಿನವರ ಪ್ರಶ್ನೆಗೆ ಕೊಟ್ಟ ಉತ್ತರಕ್ಕೆ ಅಂಕವಿಲ್ಲ, ಏಕೆಂದರೆ ಪ್ರಶ್ನೆಯೇ ಇರುವುದಿಲ್ಲ.

ಮರಾಠಿ ನೆಲದಲ್ಲಿ ಸಾರ್ವಜನಿಕ ಮಾತಿಗೆ ಒಂದು ಗಟ್ಟಿ ಪರಂಪರೆಯಿದೆ. ಮನ್ಮಾಡಿನಿಂದ ನಾಸಿಕಕ್ಕೆ ಹೋಗುವ ರೈಲುಹಾದಿಯಲ್ಲಿ ನಿಫಾಡ್ ಸಿಗುತ್ತದೆ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ 1842ರಲ್ಲಿ ಹುಟ್ಟಿದ್ದು ಅಲ್ಲಿ. ಪುಣೆಯಲ್ಲಿ 1875ರಲ್ಲಿ ವಸಂತ ವ್ಯಾಖ್ಯಾನಮಾಲೆಗೆ ಚಾಲನೆ ಕೊಟ್ಟವರು ಅವರೇ. ಅದನ್ನು ನಡೆಸಿಕೊಂಡು ಬಂದ ಸಂಸ್ಥೆಯ ಹೆಸರು ವಕ್ತೃತ್ವೋತ್ತೇಜಕ ಸಭೆ. ಬೇಸಿಗೆಯ ಸಂಜೆ ಜನ ಸೇರಿ ಒಬ್ಬರ ಮಾತು ಕೇಳಿ ಮನೆಗೆ ಹೋಗಿ ಅದನ್ನೇ ಚರ್ಚಿಸುವ ಈ ರೂಢಿ ಮಹಾರಾಷ್ಟ್ರದ ಹಲವು ಊರುಗಳಿಗೆ ಹಬ್ಬಿತು.

ಆದರೆ ಇಂದಿನ ಪಾಲಕರಿಗೆ ರಾನಡೆಯವರಿಗಿಂತ ಅವರ ಪತ್ನಿ ರಮಾಬಾಯಿಯವರ ಕಥೆ ಹೆಚ್ಚು ಹತ್ತಿರದ್ದು. 1862ರಲ್ಲಿ ಈಗಿನ ಸಾಂಗಲಿ ಜಿಲ್ಲೆಯ ದೇವರಾಷ್ಟ್ರೆಯಲ್ಲಿ ಹುಟ್ಟಿದ ಅವರಿಗೆ 1873ರಲ್ಲಿ ಮದುವೆಯಾದಾಗ 11 ವರ್ಷ, ಅಕ್ಷರ ಬಾರದು. ಪತಿ ಓದು ಕಲಿಸಿದರು. ಮನೆಯ ಹೆಂಗಸರು ಅದಕ್ಕಾಗಿ ಆಕೆಯನ್ನು ಹಂಗಿಸಿದರು. ರಮಾಬಾಯಿ ಮೊದಲ ಬಾರಿಗೆ ಸಭೆಯ ಮುಂದೆ ನಿಂತದ್ದು ನಾಸಿಕದ ಹೈಸ್ಕೂಲಿನಲ್ಲಿ, ಮುಖ್ಯ ಅತಿಥಿಯಾಗಿ. ಆ ಭಾಷಣವನ್ನು ಬರೆದುಕೊಟ್ಟವರು ರಾನಡೆ.

ಅಂದರೆ ಅವರ ಆರಂಭವೂ ಬಸದಿಯ ಬಾಲಕಿಯ ಆರಂಭದಂತೆಯೇ ಇತ್ತು: ಇನ್ನೊಬ್ಬರ ವಾಕ್ಯಗಳು, ತನ್ನ ಧ್ವನಿ. ವ್ಯತ್ಯಾಸ ಅನಂತರದ್ದು. ಬರೆದುಕೊಟ್ಟ ಕಾಗದ ಅಲ್ಲಿ ಊರುಗೋಲಾಗಿತ್ತು, ಕಾಲಾಗಿರಲಿಲ್ಲ. ಕೆಲವೇ ಕಾಲದಲ್ಲಿ ರಮಾಬಾಯಿ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ತಾವೇ ಮಾತನಾಡಬಲ್ಲವರಾದರು. ಸರಳ ಮಾತೇ ಅವರ ಗುರುತಾಯಿತು. 1904ರಲ್ಲಿ ಮುಂಬಯಿಯ ಭಾರತ ಮಹಿಳಾ ಪರಿಷತ್ತಿನಲ್ಲಿ ಮುಂದಾಳಾಗಿ ನಿಂತವರು ಅದೇ ರಮಾಬಾಯಿ. 1909ರಲ್ಲಿ ಪುಣೆಯ ಸೇವಾ ಸದನ ಕಟ್ಟಿದವರೂ ಅವರೇ. ಪತಿ ತೀರಿಕೊಂಡದ್ದು 1901ರಲ್ಲಿ. ಆ ಹೊತ್ತಿಗೆ ಬರೆದುಕೊಡುವವರು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಇಂದಿನ ಮನೆಗಳಲ್ಲಿ ಎಡವುವುದು ಇಲ್ಲಿಯೇ. ತಾಯಿ ಒಂದನೆಯ ತರಗತಿಯಲ್ಲಿ ಬರೆದುಕೊಡುತ್ತಾಳೆ, ಐದನೆಯದರಲ್ಲೂ ಬರೆದುಕೊಡುತ್ತಾಳೆ. ಹತ್ತನೆಯದರಲ್ಲಿ ಮೊಬೈಲು ಬರೆದುಕೊಡುತ್ತದೆ. ಊರುಗೋಲನ್ನು ಯಾವಾಗ ಕಿತ್ತುಕೊಳ್ಳಬೇಕೆಂಬ ಯೋಚನೆ ಯಾರಿಗೂ ಇಲ್ಲ.

ಇದು ಬಹುಮಾನದ ಡಬ್ಬಿಯಷ್ಟಕ್ಕೇ ಮುಗಿಯುವ ವಿಷಯವಲ್ಲ. 2011ರ ಜನಗಣತಿಯಂತೆ ದೇಶದಲ್ಲಿ ಜೈನರ ಸಂಖ್ಯೆ ಸುಮಾರು 44.5 ಲಕ್ಷ, ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ಮತಗಳ ಎಣಿಕೆಯಲ್ಲಿ ಇಷ್ಟು ಸಣ್ಣ ಸಮುದಾಯಕ್ಕೆ ತೂಕ ಬರುವುದು ವಾದದಿಂದ ಮಾತ್ರ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಲ್ಲೇಖನದ ವಿರುದ್ಧ ತೀರ್ಪಿತ್ತಾಗ ಊರೂರುಗಳಲ್ಲಿ ಮೌನ ಮೆರವಣಿಗೆಗಳು ನಡೆದವು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಮೌನಕ್ಕೆ ಘನತೆಯುಂಟು, ನಿಜ. ಆದರೆ ಸಲ್ಲೇಖನಕ್ಕೂ ಆತ್ಮಹತ್ಯೆಗೂ ಇರುವ ಭೇದವನ್ನು ಸಹೋದ್ಯೋಗಿಗೆ, ಸಹಪಾಠಿಗೆ, ವರದಿಗಾರನಿಗೆ ಕೋಪವಿಲ್ಲದೆ, ಅವನಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸುವ ಕೆಲಸವನ್ನು ಮೌನ ಮಾಡಿಕೊಡಲಾರದು. ಆ ಕೆಲಸವನ್ನು ವಕೀಲರಿಗೂ ಮುನಿಗಳಿಗೂ ವಹಿಸಿ ಸುಮ್ಮನಿರುವ ಅಭ್ಯಾಸ ಬಾಲ್ಯದಲ್ಲೇ ಬೇರೂರುತ್ತದೆ.

ವಿಚಿತ್ರವೆಂದರೆ ಮಾತಿಗೆ ಶಿಸ್ತು ಬೇಕೆಂಬ ತಿಳಿವು ಪರಂಪರೆಯಲ್ಲೇ ಇದೆ. ಐದು ಸಮಿತಿಗಳಲ್ಲಿ ಭಾಷಾ ಸಮಿತಿಯೂ ಒಂದು: ಹಿತವಾಗಿ, ಮಿತವಾಗಿ, ಸಂದೇಹಕ್ಕೆ ಎಡೆಯಿಲ್ಲದಂತೆ ನುಡಿಯುವುದು. ಅನೇಕಾಂತವಂತೂ ಎದುರಾಳಿಯ ನೋಟವನ್ನು ಅವನಿಗಿಂತ ಚೆನ್ನಾಗಿ ಹೇಳಬಲ್ಲವನಿಗಷ್ಟೇ ಒಲಿಯುವಂಥದು. ಪಾಠಶಾಲೆಯ ಮಕ್ಕಳು ಇವೆರಡರ ವ್ಯಾಖ್ಯೆಯನ್ನೂ ಬಾಯಿಪಾಠ ಮಾಡಿ ಅಂಕ ಪಡೆಯುತ್ತಾರೆ.

ಹಾಗಾದರೆ ಮಾಡಬೇಕಾದದ್ದೇನು? ಖರ್ಚಿನ ಬಾಬತ್ತೇನೂ ಇಲ್ಲ. ಮನ್ಮಾಡಿನ ಹತ್ತಿರವೇ ಅಂಕಾಯಿ-ಟಂಕಾಯಿ ಜೋಡಿ ಕೋಟೆಯಿದೆ. ಅಲ್ಲಿ ಜೈನ ಗುಹೆಗಳಿವೆ. ಭಾನುವಾರ ಮಗುವನ್ನು ಅಲ್ಲಿಗೆ ಕರೆದೊಯ್ಯಬಹುದು. ರಾತ್ರಿ ಹುಕ್ಕೇರಿಯಲ್ಲೋ ಕಾರ್ಕಳದಲ್ಲೋ ಇರುವ ಅಜ್ಜಿಗೆ ಫೋನು ಮಾಡಿ ಕಂಡದ್ದನ್ನು ಎರಡು ನಿಮಿಷ ಹೇಳಲಿ. ಅಜ್ಜಿ ಗುಹೆಯನ್ನು ನೋಡಿಲ್ಲವಾದ್ದರಿಂದ ಸಹಜವಾಗಿಯೇ ಪ್ರಶ್ನೆ ಕೇಳುತ್ತಾಳೆ. ಕೇಳುವವರಿಗೆ ನಿಜವಾಗಿಯೂ ತಿಳಿಯದಿರುವ ಸಂಗತಿಯನ್ನು ಹೇಳುವಾಗ ಮಾತಿಗೆ ತಾನಾಗಿಯೇ ಕ್ರಮ ಬರುತ್ತದೆ. ಅಹಿಂಸೆಯ ಮಹತ್ವ ಸಭೆಯಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಮತ್ತೆ ಹೇಳುವ ಮಗುವಿಗೆ ತಾನು ಯಾರಿಗೂ ಏನನ್ನೂ ತಿಳಿಸುತ್ತಿಲ್ಲವೆಂಬುದೂ ಗೊತ್ತು.

ಹೇಳುತ್ತಿರುವಾಗ ನಡುವೆ ತಿದ್ದಬಾರದು. ಇದೊಂದು ಬಹು ಕಷ್ಟದ ವ್ರತ. ಉಪವಾಸ ಸುಲಭವಾಗಿ ಮಾಡುವ ತಂದೆಯರಿಗೂ ಸಾಧಿಸಿಲ್ಲ. 'ಗುಹಾದಲ್ಲಿ ಮೂರ್ತಿ ಹೋತೀ' ಎಂದು ಮಗು ಕನ್ನಡ-ಮರಾಠಿ ಬೆರೆಸಿದರೆ ನಗಬಾರದು. ನಕ್ಕ ದಿನವೇ ಆ ಮನೆಯಲ್ಲಿ ಕನ್ನಡ ಅರ್ಧ ಸಾಯುತ್ತದೆ. ಎಂಟು ವರ್ಷ ದಾಟಿದ ಮೇಲೆ ಪೂರ್ಣ ಭಾಷಣ ಬರೆದುಕೊಡುವುದನ್ನು ನಿಲ್ಲಿಸಿ, ಚೀಟಿಯಲ್ಲಿ ಮೂರು ಪದ ಬರೆದುಕೊಳ್ಳಲು ಬಿಡಬೇಕು. ಬಸದಿಯ ಸ್ಪರ್ಧೆಯಲ್ಲಿ ಪ್ರತಿ ಭಾಷಣದ ಅನಂತರ ಇನ್ನೊಂದು ಮಗು ಒಂದು ಪ್ರಶ್ನೆ ಕೇಳಲಿ. ಪ್ರಶ್ನೆಗೂ ಉತ್ತರಕ್ಕೂ ಅಂಕವಿರಲಿ. ಹೆಣ್ಣುಮಕ್ಕಳು ಹದಿಮೂರರ ಹೊತ್ತಿಗೆ ಭಾಷಣದಿಂದ ಪ್ರಾರ್ಥನಾಗೀತೆಗೆ ವರ್ಗವಾಗುವುದು ಏಕೆಂದು ಪಾಲಕರೇ ಯೋಚಿಸಲಿ.

ಇಷ್ಟಾದರೆ ಹಿರಿಯರು ಸಿದ್ಧರಾಗಬೇಕಾದ ಸಂಗತಿಯೊಂದಿದೆ. ಮಾತು ಕಲಿತ ಮಕ್ಕಳು ಅಹಿಂಸೆಯನ್ನು ಕುರಿತು ಮಾತ್ರ ಮಾತನಾಡುವುದಿಲ್ಲ. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ನ್ಯಾಸಗಳಿಗೆ 1950ರ ಕಾಯಿದೆ ಅನ್ವಯಿಸುತ್ತದೆ. ಲೆಕ್ಕ ಇಡಬೇಕು, ಪರಿಶೋಧನೆ ಆಗಬೇಕು. ಆದರೂ ಎಷ್ಟೋ ನ್ಯಾಸಗಳ ವಾರ್ಷಿಕ ಸಭೆಯಲ್ಲಿ ಜಮಾಖರ್ಚು ಓದುವುದಕ್ಕೆ ನಾಲ್ಕು ನಿಮಿಷ, 'ಒಪ್ಪಿಗೆ' ಎನ್ನುವುದಕ್ಕೆ ಒಂದು ಸೆಕೆಂಡು, ಭೋಜನಕ್ಕೆ ಎರಡು ಗಂಟೆ. ಹಿಂದಿನ ಸಾಲಿನ ತರುಣರು ಮೊಬೈಲು ನೋಡುತ್ತಿರುತ್ತಾರೆ. ಅವರಿಗೆ ಲೆಕ್ಕ ತಿಳಿಯದೆಂದಲ್ಲ. ವಾಣಿಜ್ಯ ಪದವಿ ಪಡೆದವರೇ ಅವರಲ್ಲಿ ಹಲವರು. ಎದ್ದು ನಿಂತು ಹಿರಿಯರೊಬ್ಬರನ್ನು ವಿನಯದಿಂದ ಪ್ರಶ್ನಿಸುವುದನ್ನು ಯಾರೂ ಕಲಿಸಿಲ್ಲ. ಕಲಿಸದ ಕಾರಣ ಅವರಿಗೆ ತಿಳಿದಿರುವುದು ಎರಡೇ ದಾರಿ: ಸಭೆಯಲ್ಲಿ ಮೌನ, ವಾಟ್ಸಾಪಿನಲ್ಲಿ ಬೈಗುಳ.

ಮುಂದಿನ ವಾರ್ಷಿಕ ಸಭೆಯಲ್ಲಿ ಹನ್ನೆರಡು ವರ್ಷದ ಬಾಲಕಿಯೊಬ್ಬಳು ಎದ್ದು, ಕಟ್ಟಡ ನಿಧಿಗೆ ತನ್ನ ಅಜ್ಜ ಕೊಟ್ಟ ಹಣದಿಂದ ಈ ವರ್ಷ ಏನು ಕಟ್ಟಲಾಯಿತೆಂದು ಕೇಳಬಹುದು. ಕೋಶಾಧಿಕಾರಿಗಳು ಆಗ ಅವಳಿಗೆ ತಿಳಿಯುವ ಕನ್ನಡದಲ್ಲಿ, ಕಾಗದ ನೋಡದೆ, ಉತ್ತರಿಸಬೇಕಾಗುತ್ತದೆ.