ಅಮೆರಿಕದ ಉಸಾಬರಿ ನಿಮಗ್ಯಾಕೆ ಅನ್ನೋರಿಗೆ



ಹಾಸ್ಟೆಲಿನಲ್ಲಿ ನಾಲ್ಕು ಹುಡುಗರು ಕೂತು ವಿಯೆಟ್ನಾಂ, ಪ್ಯಾಲೆಸ್ಟೈನ್ ಅಂತ ಮಾತು ತೆಗೆದರೆ ಸಾಕು, ಬುದ್ಧಿ ಹೇಳೋಕೆ ಒಬ್ಬರು ಬಂದೇ ಬರ್ತಾರೆ. 'ಮೊದಲು ನಿಮ್ಮ ಸ್ಕಾಲರ್‌ಶಿಪ್ ವಿಚಾರ ನೋಡಿಕೊಳ್ರಪ್ಪ, ಅಮೆರಿಕದ ಉಸಾಬರಿ ನಿಮಗ್ಯಾಕೆ?' ಕೇಳೋಕೆ ಹಿತವಚನದ ಹಾಗೇ ಇರ್ತದೆ. ಒಳಗಿರೋದು ಹಳೇ ಕಟ್ಟಳೆ. ಕೇರಿ ವಿಚಾರ ಕೇರಿಯವರಿಗೆ, ಊರಿನ ವಿಚಾರ ಊರಿನವರಿಗೆ, ಲೋಕದ ವಿಚಾರ ದೊಡ್ಡವರಿಗೆ. ನಮ್ಮವರು ತಮ್ಮ ಕಷ್ಟ ಬರೆದರೆ 'ಅನುಭವ' ಅಂತ ಬೆನ್ನು ತಟ್ಟುತ್ತಾರೆ. ಲೋಕದ ಬಗ್ಗೆ ಬರೆದರೆ ಅಧಿಕಪ್ರಸಂಗ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾನೇ ಜಾಸ್ತಿ ಅಂದರು. ಅಷ್ಟಕ್ಕೇ ಮಂತ್ರಿಗಿರಿ ಹೋಯಿತು, ಹಾಸ್ಟೆಲ್ ಹುಡುಗರಿಗೆ ಏಟು ಬಿತ್ತು.

ಈ ಬುದ್ಧಿವಂತರಿಗೆ ಉತ್ತರವಾಗಿ ನಾವು ಒಬ್ಬ ಅಮೆರಿಕದವನ ಕಥೆಯನ್ನೇ ಹೇಳ್ತೇವೆ. ಹೆಸರು ಐ. ಎಫ್. ಸ್ಟೋನ್. ತನ್ನ ದೇಶ ಹೊರದೇಶಗಳಲ್ಲಿ ಮಾಡಿದ್ದನ್ನು ಜೀವಮಾನವಿಡೀ ಬರೆದವನು. 1907ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ. ರಷ್ಯಾದಿಂದ ವಲಸೆ ಬಂದ ಯಹೂದಿ ಮನೆತನ, ಅಪ್ಪನದು ಬಟ್ಟೆ ಅಂಗಡಿ. ಕಾಲೇಜನ್ನು ಅರ್ಧಕ್ಕೇ ಬಿಟ್ಟ. ಹುಟ್ಟು ಹೆಸರು ಇಸಿಡೋರ್ ಫೈನ್‌ಸ್ಟೈನ್. ಯಹೂದಿ ಹೆಸರು ನೋಡಿದ ಕೂಡಲೇ ಜನ ಬರಹವನ್ನು ತಳ್ಳಿಹಾಕಬಾರದು ಅಂತ 1937ರಲ್ಲಿ ಹೆಸರು ಬದಲಿಸಿಕೊಂಡ. ಸಿಟಿಯಲ್ಲಿ ರೂಮು ಹುಡುಕುವಾಗ ಮನೆ ಓನರ್ ಮುಂದೆ ಊರು, ಕೇರಿ, ಅಪ್ಪನ ಹೆಸರು ಎಲ್ಲ ನುಂಗಿಕೊಂಡ ನಮ್ಮ ಗೆಳೆಯರು ಇದಕ್ಕೆ ನಗಲಾರರು.

ಆದರೆ ಹೆಸರು ಬದಲಿಸಿಕೊಂಡ ಮನುಷ್ಯ ಸಾಲು ಬದಲಿಸಲಿಲ್ಲ. 1941ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಪ್ರೆಸ್ ಕ್ಲಬ್ಬಿಗೆ ಊಟಕ್ಕೆ ಹೋದ, ಜೊತೆಗೆ ವಿಲಿಯಂ ಹೇಸ್ಟಿಯನ್ನು ಕರಕೊಂಡು. ಹೇಸ್ಟಿ ಸಾಮಾನ್ಯ ಮನುಷ್ಯನಲ್ಲ, ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ಜಡ್ಜಾದ ಮೊಟ್ಟಮೊದಲ ಕರಿಯ. ಕೂತರು. ಕಾದರು. ಊಟ ಬಡಿಸಲಿಲ್ಲ. ಜಡ್ಜಾದರೇನು, ಚರ್ಮ ಕರಿ! ನಮ್ಮ ಊರಿನ ಹೋಟೆಲಲ್ಲಿ ಬೇರೆ ಲೋಟ ಇಟ್ಟಿರ್ತಾರಲ್ಲ, ಅಲ್ಲಿ ಅದೂ ಇರಲಿಲ್ಲ. ಸ್ಟೋನ್ ಆ ಕ್ಲಬ್ಬಿಗೆ ರಾಜೀನಾಮೆ ಕೊಟ್ಟ. ವಾಷಿಂಗ್ಟನ್ನಿನ ಪತ್ರಕರ್ತನಿಗೆ ಅದು ಸಣ್ಣ ನಷ್ಟವಲ್ಲ. ಮಂತ್ರಿಗಳು, ಸೇನಾಪತಿಗಳು, ರಾಯಭಾರಿಗಳು ಬಂದು ಸುದ್ದಿ ಉದುರಿಸುವ ಜಾಗ ಅದು.

1952ರ ಕೊನೆಗೆ ಆತ ಕೆಲಸ ಮಾಡುತ್ತಿದ್ದ ದಿನಪತ್ರಿಕೆ ಮುಚ್ಚಿತು. ಆಗ ಸೆನೆಟರ್ ಮೆಕಾರ್ಥಿಯ ಕಾಲ. ಸರ್ಕಾರದ ವಿರುದ್ಧ ಉಸಿರೆತ್ತಿದವರೆಲ್ಲ ಕಮ್ಯುನಿಸ್ಟರು, ದೇಶದ್ರೋಹಿಗಳು. ಯಾರೂ ಕೆಲಸ ಕೊಡಲಿಲ್ಲ. ಪರಿಹಾರವಾಗಿ ಬಂದ ಹಣಕ್ಕೆ ಗೆಳೆಯರ ಸಾಲ ಸೇರಿಸಿ 1953ರ ಜನವರಿಯಲ್ಲಿ ಒಂದು ಹಾಳೆ ಶುರು ಮಾಡಿದ, 'ಐ. ಎಫ್. ಸ್ಟೋನ್ಸ್ ವೀಕ್ಲಿ'. ನಾಲ್ಕೇ ಪುಟ. ಶುರುವಿನಲ್ಲಿ 5,300 ಚಂದಾದಾರರು, ವರ್ಷಕ್ಕೆ 5 ಡಾಲರು. ಜಾಹೀರಾತು ಇಲ್ಲ. ಬರೆಯೋನು ಆತ, ಲೆಕ್ಕಪತ್ರ, ವಿಳಾಸ, ಚಂದಾ ಎಲ್ಲ ಹೆಂಡತಿ ಎಸ್ತರ್. ಹತ್ತೊಂಬತ್ತು ವರ್ಷ ನಡೆಯಿತು. 1971ರ ಕೊನೆಗೆ ನಿಲ್ಲಿಸುವಾಗ ಚಂದಾದಾರರು 70,000 ಮುಟ್ಟಿದ್ದರು, ಚಂದಾ ಆಗಲೂ 5 ಡಾಲರೇ. ಅಷ್ಟು ವರ್ಷವೂ ಎಫ್‌ಬಿಐನವರು ಆತನ ಹಿಂದೆ ಬಿದ್ದು ಸಾವಿರಾರು ಪುಟದ ಕಡತ ಕಟ್ಟಿದರು. ಬರೆದವನಿಗಿಂತ ಜಾಸ್ತಿ ಅವರೇ ಬರೆದರೋ ಏನೋ.

ಇನ್ನು ಆತ ಕೆಲಸ ಮಾಡಿದ ರೀತಿ. ನಮ್ಮ ಹುಡುಗರು ತಿಳಿಯಬೇಕಾದ್ದು ಇದೇ. ಸ್ಟೋನ್‌ಗೆ ಕಿವಿ ಮಂದ. ಪತ್ರಿಕಾಗೋಷ್ಠಿಯಲ್ಲಿ ಯಾರು ಏನಂದರು ಅಂತ ಸರಿಯಾಗಿ ಕೇಳಿಸುತ್ತಿರಲಿಲ್ಲ. ದೊಡ್ಡವರ ಮನೆಯ ಔತಣವಂತೂ ಇಲ್ಲವೇ ಇಲ್ಲ. ಹಾಗಾಗಿ ಓದಿದ. ಸೆನೆಟಿನ ಕಲಾಪ, ಸಮಿತಿಗಳ ಮುಂದೆ ಕೊಟ್ಟ ಸಾಕ್ಷ್ಯ, ಇಲಾಖೆಗಳ ವರದಿ, ಯಾರೂ ಮುಟ್ಟದ ಅನುಬಂಧ. ಸರ್ಕಾರ ಮೊದಲ ಪುಟದಲ್ಲಿ ಹೇಳಿದ ಸುಳ್ಳಿಗೆ ಅದೇ ಸರ್ಕಾರ ಮುನ್ನೂರನೇ ಪುಟದಲ್ಲಿ ಸಾಕ್ಷಿ ಕೊಟ್ಟಿರ್ತದೆ. ಅಟ್ರಾಸಿಟಿ ಕೇಸಿಗೆ ಓಡಾಡಿದವರಿಗೆ ಇದು ಗೊತ್ತು. ವರದಿಯ ಮೊದಲ ಸಾಲಲ್ಲಿ 'ಎರಡು ಗುಂಪುಗಳ ಘರ್ಷಣೆ' ಅಂತ ಇರ್ತದೆ. ಕೊನೆಗೆ ಹೊಲಿದಿಟ್ಟ ಡಾಕ್ಟರ ಸರ್ಟಿಫಿಕೇಟಿನಲ್ಲಿ ಗಾಯ ಎಲ್ಲ ಒಂದೇ ಕೇರಿಯವರ ಮೈಮೇಲೆ ಇರ್ತದೆ.

1957ರ ಸೆಪ್ಟೆಂಬರಿನಲ್ಲಿ ಅಮೆರಿಕ ನೆವಾಡದಲ್ಲಿ ನೆಲದೊಳಗೆ ಅಣುಬಾಂಬು ಸಿಡಿಸಿತು. ಆಮೇಲೆ ಅಣುಶಕ್ತಿ ಆಯೋಗ, ಇದರ ಕಂಪನ 200 ಮೈಲಿ ಆಚೆ ಯಾರಿಗೂ ಗೊತ್ತಾಗಲಿಲ್ಲ ಅಂದಿತು. ಈ 200 ಮೈಲಿಯಲ್ಲಿ ಹಿಕಮತ್ತಿತ್ತು. ದೂರದಿಂದ ಪತ್ತೆಯಾಗೋದಿಲ್ಲ ಅಂದರೆ ರಷ್ಯಾದವರು ಗುಟ್ಟಾಗಿ ಸಿಡಿಸಬಹುದು, ಹಾಗಾಗಿ ಪರೀಕ್ಷೆ ನಿಲ್ಲಿಸುವ ಒಪ್ಪಂದವೇ ಬೇಡ ಅನ್ನಬಹುದು. ಸ್ಟೋನ್ ಸರ್ಕಾರದ್ದೇ ಭೂಕಂಪ ಮಾಪನದವರ ಹತ್ತಿರ ಹೋಗಿ ಕೇಳಿದ. ಅವರು ಪಟ್ಟಿ ತೆಗೆದು ತೋರಿಸಿದರು. 2,000 ಮೈಲಿಗೂ ದೂರದ ಅಲಾಸ್ಕಾದಲ್ಲಿ ಕಂಪನ ದಾಖಲಾಗಿತ್ತು. ಆಯೋಗ ತಪ್ಪೊಪ್ಪಿ ತಿದ್ದಿಕೊಳ್ಳಬೇಕಾಯಿತು.

1964ರ ಆಗಸ್ಟಿನಲ್ಲಿ ಟಾಂಕಿನ್ ಕೊಲ್ಲಿಯಲ್ಲಿ ನಮ್ಮ ಹಡಗಿನ ಮೇಲೆ ಎರಡು ಸಲ ದಾಳಿ ಆಯಿತು ಅಂತ ಅಧ್ಯಕ್ಷ ಜಾನ್ಸನ್ ಯುದ್ಧಕ್ಕೆ ಅಧಿಕಾರ ಕೇಳಿದ. ಕೆಳಮನೆಯಲ್ಲಿ 416 ಮತ, ವಿರುದ್ಧ ಸೊನ್ನೆ. ಸೆನೆಟಿನಲ್ಲಿ 88, ವಿರುದ್ಧ ಇಬ್ಬರೇ: ಮೋರ್ಸ್, ಗ್ರೂನಿಂಗ್. ಮೋರ್ಸ್ ಸೆನೆಟಿನಲ್ಲಿ ಎತ್ತಿದ ಪ್ರಶ್ನೆಗಳನ್ನು ದೊಡ್ಡ ಪತ್ರಿಕೆಗಳು ಮೂಲೆಗೆ ತಳ್ಳಿದವು. ಸ್ಟೋನ್ ತನ್ನ ನಾಲ್ಕು ಪುಟದಲ್ಲಿ ಅವಕ್ಕೇ ಜಾಗ ಕೊಟ್ಟ. ಎರಡನೇ ದಾಳಿ ನಡೆದೇ ಇರಲಿಲ್ಲ ಅಂತ ಅಮೆರಿಕದ ಗೂಢಚಾರ ಸಂಸ್ಥೆಯ ಕಾಗದಗಳೇ ಹೇಳುತ್ತವೆ. ಅವು ಹೊರಗೆ ಬಂದದ್ದು 2005ರಲ್ಲಿ.

ಮುಂದಿನ ವರ್ಷದ್ದು ಇನ್ನೂ ಚೆಂದ. 1965ರ ಫೆಬ್ರವರಿ ಕೊನೆಗೆ ಸರ್ಕಾರ ಶ್ವೇತಪತ್ರ ಹೊರಡಿಸಿತು. ದಕ್ಷಿಣ ವಿಯೆಟ್ನಾಂನಲ್ಲಿ ಅಲ್ಲಿನ ಜನ ಬಂಡೆದ್ದಿಲ್ಲ, ಉತ್ತರದವರು ಆಳು, ಕೋವಿ ಕಳಿಸಿ ದಾಳಿ ಮಾಡಿಸ್ತಿದ್ದಾರೆ ಅನ್ನೋದು ವಾದ. ಬಾಂಬು ಸುರಿಯೋಕೆ ನೆಪ ಬೇಕಿತ್ತು. ಸ್ಟೋನ್ ನೆಟ್ಟಗೆ ಅನುಬಂಧಕ್ಕೆ ಹೋದ. ಗೆರಿಲ್ಲಾಗಳಿಂದ ಹಿಡಿದ ಕಮ್ಯುನಿಸ್ಟ್ ದೇಶಗಳ ಆಯುಧಗಳ ಪಟ್ಟಿ ಅಲ್ಲಿತ್ತು. ಕೂತು ಎಣಿಸಿದ. 179. ಆಮೇಲೆ ಪೆಂಟಗನ್ನಿಗೆ ಕೇಳಿದ: ಅದೇ ಅವಧಿಯಲ್ಲಿ ಒಟ್ಟು ಎಷ್ಟು ಆಯುಧ ಹಿಡಿದಿರಿ? ಸುಮಾರು 7,500. ಅಂದರೆ ನೂರಕ್ಕೆ ಎರಡೂವರೆಯೂ ಇಲ್ಲ! ಗೆರಿಲ್ಲಾಗಳು ಸೈಗಾನ್ ಸರ್ಕಾರದ ಸೈನ್ಯದಿಂದ ಕಿತ್ತುಕೊಳ್ಳುತ್ತಿದ್ದ ಆಯುಧಗಳ ಲೆಕ್ಕ ಇದಕ್ಕಿಂತ ಎಷ್ಟೋ ದೊಡ್ಡದು. ಇದಕ್ಕೆ ಯಾವ ವಿದೇಶಾಂಗ ಪಾಂಡಿತ್ಯ ಬೇಕು? ನಮ್ಮವ್ವ ಜೀತದ ಸಾಲದ ಲೆಕ್ಕ ಬೆರಳಲ್ಲಿ ಎಣಿಸಿ, ಗೌಡನ ಪುಸ್ತಕದಲ್ಲಿ ಮೋಸ ಇದೆ ಅಂತ ಹೇಳ್ತಿದ್ದಳಲ್ಲ, ಅಂಥದೇ ಲೆಕ್ಕ.

ಅದೇ ಕಾಲದಲ್ಲಿ ಅಮೆರಿಕದ ವಿದೇಶಾಂಗ ವಿಚಾರದ ಮಹಾಪಂಡಿತ ಅಂದರೆ ವಾಲ್ಟರ್ ಲಿಪ್‌ಮನ್. ಹಾರ್ವರ್ಡಿನವನು. 1931ರಿಂದ 1967ರವರೆಗೆ ಅಂಕಣ, ಇನ್ನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ. ಅಧ್ಯಕ್ಷರು ಭಾಷಣ ಬರೆಸಿ ಈತನಿಗೆ ತೋರಿಸೋರು. ಜಾಣ ಅನ್ನೋದರಲ್ಲಿ ಅನುಮಾನವಿಲ್ಲ. 1947ರಲ್ಲೇ ಶೀತಲ ಸಮರದ ನೀತಿ ತಪ್ಪು ಅಂದ. ಕೊನೆಗಾಲದಲ್ಲಿ ವಿಯೆಟ್ನಾಂ ಯುದ್ಧವನ್ನೂ ವಿರೋಧಿಸಿ ಜಾನ್ಸನ್ ಕೋಪಕ್ಕೆ ಗುರಿಯಾದ. ಆದರೆ 1942ರ ಫೆಬ್ರವರಿ 12ರಂದು ಬರೆದದ್ದನ್ನು ನಾವು ಮರೆಯೋಕಾಗಲ್ಲ. ಪಶ್ಚಿಮ ಕರಾವಳಿಗೆ ಹೋಗಿ, ಅಧಿಕಾರಿಗಳ ಮಾತು ಕೇಳಿ, ಅಲ್ಲಿನ ಜಪಾನಿ ಮೂಲದವರಿಂದ ದೇಶಕ್ಕೆ ಅಪಾಯ ಅಂತ ಬರೆದ. ಅವರು ಇದುವರೆಗೆ ಏನೂ ಮಾಡಿಲ್ಲವಲ್ಲ ಅಂದರೆ, ಮಾಡಿಲ್ಲ ಅನ್ನೋದೇ ಸಂಚಿನ ಗುರುತು ಅಂದ! ವಾರಕ್ಕೆ ಸರಿಯಾಗಿ ಅಧ್ಯಕ್ಷ ರೂಸ್‌ವೆಲ್ಟ್ ಆಜ್ಞೆಗೆ ಸಹಿ ಹಾಕಿದ. ಒಂದು ಲಕ್ಷಕ್ಕೂ ಮೀರಿದ ಜನ, ಹೆಚ್ಚಿನವರು ಅಮೆರಿಕದ ಪ್ರಜೆಗಳೇ, ಮುಳ್ಳುತಂತಿ ಬೇಲಿಯೊಳಗೆ ಹೋದರು. ಒಬ್ಬ ಅಂಕಣಕಾರನಿಂದಲೇ ಎಲ್ಲ ಆಯಿತು ಅಂತ ನಾವು ಹೇಳ್ತಿಲ್ಲ. ಅಧಿಕಾರಿಗಳ ಮಗ್ಗುಲಲ್ಲಿ ಕೂತು ಬರೆಯೋನಿಗೆ ಅಧಿಕಾರಿಗಳ ಭಯವೇ ಸತ್ಯ ಅನ್ನಿಸ್ತದೆ. ಬೇಲಿಯೊಳಗೆ ಹೋಗೋನ ಮನೆ ಬಾಗಿಲನ್ನು ಆತ ತಟ್ಟೋದೇ ಇಲ್ಲ. ಹುಟ್ಟಿನಿಂದ ಲಿಪ್‌ಮನ್ನೂ ಯಹೂದಿಯೇ. ಆ ಮಾತನ್ನು ಆದಷ್ಟು ಎತ್ತದೆ ಬದುಕಿದ.

ಹಾಗಂತ ಸ್ಟೋನನ್ನು ದೇವರ ಫೋಟೋ ಮಾಡಿ ಗೋಡೆಗೆ ನೇತುಹಾಕೋದು ಬೇಡ. ದೊಡ್ಡ ತಪ್ಪನ್ನೂ ಮಾಡಿದ. 1952ರಲ್ಲಿ ಕೊರಿಯಾ ಯುದ್ಧದ ಬಗ್ಗೆ ಬರೆದ ಪುಸ್ತಕದಲ್ಲಿ, ಯುದ್ಧಕ್ಕೆ ಎಳೆದವರು ದಕ್ಷಿಣದವರು ಮತ್ತು ಅಮೆರಿಕದ ಕೆಲವರು ಅನ್ನೋ ಅನುಮಾನಕ್ಕೆ ಬಲ ಕೊಟ್ಟ. ಸ್ಟಾಲಿನ್ನನ ಒಪ್ಪಿಗೆ ಪಡೆದು ಉತ್ತರದವರೇ ನುಗ್ಗಿದರು ಅಂತ 1990ರ ದಶಕದಲ್ಲಿ ತೆರೆದ ರಷ್ಯಾದ ಕಡತಗಳು ಹೇಳಿದವು. ಆತ ಸತ್ತ ಮೇಲೆ ಹಿಂದೆ ರಷ್ಯಾದ ಗೂಢಚಾರರ ಜೊತೆ ಸಂಪರ್ಕವಿತ್ತು ಅನ್ನೋ ಆಪಾದನೆಯೂ ಬಂತು, ಆ ಜಗಳ ಇನ್ನೂ ಹರಿದಿಲ್ಲ. ಆದರೆ 1956ರಲ್ಲಿ ಮಾಸ್ಕೋಗೆ ಹೋಗಿ ಕಣ್ಣಾರೆ ಕಂಡು ಬಂದ ಮೇಲೆ, ಇದು ಒಳ್ಳೆಯ ಸಮಾಜವಲ್ಲ ಅಂತ ತನ್ನ ಹಾಳೆಯಲ್ಲೇ ಬರೆದ. ನೂರಾರು ಓದುಗರು ಚಂದಾ ಬಿಟ್ಟರು. ಚಂದಾದ ಮೇಲೇ ಬದುಕಿದ್ದ ಮನುಷ್ಯ ಆತ. ಈ ಮಾತು ನಮ್ಮೊಳಗಿನ ಕೆಲವರಿಗೂ ತಾಗಬೇಕು. ಸಭೆಯಲ್ಲಿ 'ಅಮೆರಿಕನ್ ಸಾಮ್ರಾಜ್ಯಶಾಹಿಗೆ ಧಿಕ್ಕಾರ' ಅಂತ ಗಂಟಲು ಹರಕೊಳ್ಳೋರು, ಆ ಸಾಮ್ರಾಜ್ಯದ ಒಂದು ಕಾಗದವನ್ನಾದರೂ ಓದಿದ್ದಾರಾ? ನಮ್ಮ ಕಡೆಯವರ ಸುಳ್ಳನ್ನು ಒಂದು ಸಲವಾದರೂ ಎಣಿಸಿದ್ದಾರಾ?

ಈಗ ಆ ಹಿತವಚನಕ್ಕೆ ಮತ್ತೆ ಬರೋಣ. 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ವಿಯೆಟ್ನಾಂ ಯುದ್ಧದ ವಿರುದ್ಧ ನಿಂತರು. ಬಡವರಿಗೆ ಅಂತ ಇಟ್ಟ ಹಣ ಯುದ್ಧದ ಬಾಯಿಗೆ ಹೋಗ್ತಿದೆ, ಮನೆಯಲ್ಲಿ ಇಲ್ಲದ ಸ್ವಾತಂತ್ರ್ಯವನ್ನು ಎಲ್ಲೋ ಕಾಪಾಡೋಕೆ ಕರಿಯರ ಮಕ್ಕಳನ್ನು ಕಳಿಸ್ತಿದ್ದಾರೆ ಅಂದರು. ಮೂರೇ ದಿನಕ್ಕೆ 'ನ್ಯೂಯಾರ್ಕ್ ಟೈಮ್ಸ್' ಸಂಪಾದಕೀಯ ಬರೆದು, ಎರಡು ಬೇರೆ ಬೇರೆ ವಿಷಯ ಕಲಸಿ ತಪ್ಪು ಮಾಡಿದರು ಅಂದಿತು. 'ವಾಷಿಂಗ್ಟನ್ ಪೋಸ್ಟ್' ಕೂಡ ಅದೇ ಧಾಟಿ. ನೋಡಿ, ಇಂಗ್ಲಿಷಿನಲ್ಲೂ ಆ ಮೇಷ್ಟ್ರುಗಳಿದ್ದಾರೆ. ನಿಮ್ಮ ಜನಾಂಗದ ವಿಚಾರ ನೋಡಿಕೊಳ್ರಪ್ಪ.

ಬಾಬಾಸಾಹೇಬರಿಗೂ ಹೀಗೇ ಆಯಿತು. 1951ರಲ್ಲಿ ಮಂತ್ರಿಮಂಡಲ ಬಿಟ್ಟು ಹೊರಬಂದಾಗ, ಅಕ್ಟೋಬರ್ 10ರ ಹೇಳಿಕೆಯಲ್ಲಿ ಕಾರಣ ಕೊಟ್ಟರು. ಹಿಂದೂ ಕೋಡ್ ಬಿಲ್ ಎಲ್ಲರಿಗೂ ಗೊತ್ತು. ವಿದೇಶಾಂಗ ನೀತಿಯೂ ಒಂದು ಕಾರಣ ಅನ್ನೋದನ್ನು ನಮ್ಮ ಸಭೆಗಳಲ್ಲಿ ಯಾರೂ ಹೇಳೋದಿಲ್ಲ. ಸಂಪುಟದ ವಿದೇಶಾಂಗ ಸಮಿತಿಗೂ ತಮ್ಮನ್ನು ಹಾಕಲಿಲ್ಲ, ರಕ್ಷಣಾ ಸಮಿತಿಗೂ ಹಾಕಲಿಲ್ಲ ಅಂತ ಅಲ್ಲೇ ಇದೆ. ಲಂಡನ್, ಕೊಲಂಬಿಯ ಎರಡೂ ಕಡೆ ಅರ್ಥಶಾಸ್ತ್ರ ಅರೆದು ಕುಡಿದವರಿಗೆ! ಲೆಕ್ಕವನ್ನೂ ಮುಂದಿಟ್ಟರು. ವರ್ಷದ ವರಮಾನ 350 ಕೋಟಿ ರೂಪಾಯಿ, ಅದರಲ್ಲಿ ಸೈನ್ಯಕ್ಕೇ 180 ಕೋಟಿ. ನಮಗೆ ಸ್ನೇಹಿತರಿಲ್ಲದ್ದರಿಂದಲೇ ಈ ಖರ್ಚು, ಇದು ನಮ್ಮ ವಿದೇಶಾಂಗ ನೀತಿಯ ಫಲ ಅಂದರು. ಅವರ ತೀರ್ಮಾನಗಳನ್ನೆಲ್ಲ ಒಪ್ಪಲೇಬೇಕು ಅಂತಿಲ್ಲ, ವಾದ ಮಾಡಬಹುದು. ಸ್ಕಾಲರ್‌ಶಿಪ್ಪಿನ ದುಡ್ಡು, ಕೋವಿಯ ದುಡ್ಡು ಬರೋದು ಒಂದೇ ಖಜಾನೆಯಿಂದ.

ಹುಡುಗರು ಮುಂದಿನ ಸಭೆಗೆ ಬರುವಾಗ ಆ ಹೇಳಿಕೆ ಓದಿಕೊಂಡು ಬನ್ನಿ. ಬಾಬಾಸಾಹೇಬರ ಸಂಪುಟಗಳು ಬಹಳಷ್ಟು ಕಾಲೇಜು ಲೈಬ್ರರಿಗಳಲ್ಲಿವೆ. ಬೀರುವಿನ ಬೀಗ ತೆಗೆಸಬೇಕು, ಅಷ್ಟೆ. ಜೊತೆಗೆ ಈ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ರಕ್ಷಣೆಗೆ ಎಷ್ಟು, ನಮ್ಮ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಎಷ್ಟು, ಎರಡನ್ನೂ ಒಂದೇ ಹಾಳೆಯಲ್ಲಿ ಬರಕೊಂಡು ಬನ್ನಿ. ಭಾಷಣದಲ್ಲಿ ಹುಡುಕಬೇಡಿ, ಹಿಂದಿನ ಪಟ್ಟಿಗಳಲ್ಲಿ ನೋಡಿ.